ಮೈಕಿನಲ್ಲಿ ಹೇಳಿದ ಹಳ್ಳ

ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಸಿದ್ದಮಲ್ಲಪ್ಪನವರ ಮಾತಿನಲ್ಲಿ ಹಕಾರವೇ ಇರಲಿಲ್ಲ. ಹಸು ಅವರಿಗೆ ಅಸು, ಹುಲ್ಲು ಉಲ್ಲು, ಹೆಂಡತಿ ಎಂಡ್ತಿ. ನಂಜನಗೂಡಿನ ಹಳೇ ಸಂತೆ ಬೀದಿಯಲ್ಲಿ ಬೂಸಾ, ಹಿಂಡಿ ಮಾರುವವರಿಗೆ ಅಷ್ಟು ಧಾರಾಳವಾಗಿ ಸಾಕಾಗುತ್ತಿತ್ತು. ಆದರೆ ಕೈಗೊಂದು ಮೈಕ್ ಸಿಕ್ಕಿತೋ, ಹುಟ್ಟಿದಾಗಿನಿಂದ ಉಳಿತಾಯ ಮಾಡಿಟ್ಟಿದ್ದ ಹಕಾರಗಳೆಲ್ಲ ಒಟ್ಟಿಗೇ ಹೊರಗೆ ಬರುತ್ತಿದ್ದವು. ‘ಹಧ್ಯಕ್ಷರೇ, ಹತಿಥಿಗಳೇ’ ಎಂದು ಶುರುವಾದರೆ, ‘ಹನಂತ ಹಭಿನಂದನೆಗಳು’ ಎಂದು ಮುಗಿಯುವ ಹೊತ್ತಿಗೆ ಮೈಕಿನ ಜಾಲರಿ ಒದ್ದೆಯಾಗಿರುತ್ತಿತ್ತು. ಮುಂದಿನ ಭಾಷಣಕಾರರು ಅದನ್ನು ಕರವಸ್ತ್ರದಲ್ಲಿ ಒರೆಸಿಕೊಂಡು ಮಾತಾಡುತ್ತಿದ್ದರು.

ಊರಿನಲ್ಲಿ ಸಿದ್ದಮಲ್ಲಪ್ಪ ಎಂಬ ಹೆಸರಿಗೆ ಬರವಿರಲಿಲ್ಲ. ಬೆಲ್ಲದ ಸಿದ್ದಮಲ್ಲಪ್ಪ ಇದ್ದರು, ಎಲ್ಲೈಸಿ ಸಿದ್ದಮಲ್ಲಪ್ಪ ಇದ್ದರು. ನಮ್ಮವರು ಬಹುಕಾಲ ಬೂಸಾ ಸಿದ್ದಮಲ್ಲಪ್ಪ. ಆ ಹೆಸರಿನಲ್ಲಿ ಬೂಸಿ ಬಿಡುವವನೆಂಬ ವಾಸನೆ ಇದ್ದುದರಿಂದ ಅವರಿಗೆ ಅದು ಸೇರುತ್ತಿರಲಿಲ್ಲ. ಅದಕ್ಕೇ ಮನೆಯ ಮುಂದೆ ನಾಲ್ಕು ಕಂಬದ ಒಂದು ಪೋರ್ಟಿಕೋ ಕಟ್ಟಿಸಿದರು. ಕಂಬಗಳಿಗೆ ಬಳ್ಳಿ ಸುತ್ತಿದ ಗಾರೆ ಕೆಲಸ, ಮೇಲೆ ಒಂದು ಸಿಮೆಂಟಿನ ಹಂಸ. ಆರು ತಿಂಗಳೊಳಗೆ ಊರು ಅವರನ್ನು ಪೋರ್ಟಿಕೋ ಸಿದ್ದಮಲ್ಲಪ್ಪ ಎಂದು ಕರೆಯತೊಡಗಿತು. ಪೋಸ್ಟ್‌ಮ್ಯಾನ್ ಕೂಡ ಹಾಗೇ ಕರೆದ ದಿನ ಅವರು ಅವನಿಗೆ ಕಾಫಿ ಕೊಡಿಸಿದರು.

ಕೊರತೆ ಒಂದೇ. ಪೋರ್ಟಿಕೋ ಇದ್ದುದು ಕಾರಿಗಾಗಿ. ಕಾರು ಇರಲಿಲ್ಲ. ಕಾರಿದ್ದ ಒಬ್ಬನೇ ನೆಂಟನೆಂದರೆ ಹೆಂಡತಿಯ ತಮ್ಮ ಅಮೃತೇಶ್. ತಿ. ನರಸೀಪುರದಲ್ಲಿ ಬೀಜ, ಗೊಬ್ಬರದ ಏಜೆನ್ಸಿ ಇಟ್ಟುಕೊಂಡಿದ್ದವನು. ಬಂದಾಗಲೆಲ್ಲ ಅವನು ಬಿಳಿ ಕಾರನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ ನಡೆದು ಬರುತ್ತಿದ್ದ.

“ಒಳೀಕ್ ತರ್ಬಾರ್ದೇನಪ್ಪ?”

“ತರ್ಬೌದು ಬಾವ. ದೋಣಿ ಒಂದ್ ಕೊಡ್ಸಿ.”

ಪೋರ್ಟಿಕೋದ ನೇರ ಎದುರಿಗೆ, ರಸ್ತೆಯ ನಟ್ಟನಡುವೆ, ಒಂದು ಹಳ್ಳ ಬಿದ್ದಿತ್ತು. ಅದಕ್ಕೆ ಎಷ್ಟು ಮಣ್ಣು ಸುರಿದರೂ, ಇಟ್ಟಿಗೆ ಚೂರು ತುಂಬಿದರೂ, ಜಲ್ಲಿ ಟಾರು ಬಡಿದರೂ, ಮುಂದಿನ ಅಮಾವಾಸ್ಯೆಗೆ ಎಲ್ಲವನ್ನೂ ನುಂಗಿ ಮತ್ತೆ ಬಾಯಿ ತೆರೆದು ಕೂತಿರುತ್ತಿತ್ತು. ಸುಡುಬೇಸಿಗೆಯಲ್ಲೂ ಅದರಲ್ಲಿ ನೀರು. ಬೀದಿಯ ಜನಕ್ಕೆ ಅದರ ಮೇಲೆ ಒಂದು ಬಗೆಯ ಭಯಭಕ್ತಿ ಬಂದುಬಿಟ್ಟಿತ್ತು. ಎದುರು ಮನೆಯ ಮರಿಯಯ್ಯ ಸಾರಿಗೆ ಬಸ್ಸಿನ ಕಂಡಕ್ಟರಾಗಿ ಒಂದು ದಿನವೂ ಕಾಲು ಜಾರದೆ ನಿವೃತ್ತರಾದವರು. ಪಿಂಚಣಿಯ ಮೊದಲ ವಾರವೇ ಸೈಕಲ್ ಸಮೇತ ಅದರೊಳಗೆ ಹೋಗಿಬಂದರು. ಬೇಸಿಗೆಯಲ್ಲಿ ಕಾರು ನಿಲ್ಲಬೇಕಾದ ಜಾಗದಲ್ಲಿ ಸಿದ್ದಮಲ್ಲಪ್ಪನವರ ಹೆಂಡತಿ ರುದ್ರಾಣಮ್ಮ ಹುರುಳಿ ಹರವುತ್ತಿದ್ದರು. ಒಂದೇ ಒಂದು ಸಲ, ಒಂದು ಗಳಿಗೆ, ಆ ನಾಲ್ಕು ಕಂಬಗಳ ನಡುವೆ ಒಂದು ಕಾರು ನಿಂತರೆ ಸಾಕು ಎಂಬುದು ಸಿದ್ದಮಲ್ಲಪ್ಪನವರ ಬಾಳಿನ ಏಕೈಕ ಆಸೆಯಾಗಿತ್ತು.

ಹೀಗಿರುವಾಗ ನಂಜನಗೂಡಿನಿಂದ ನರಸೀಪುರದ ಕಡೆ ಹೋಗುವ ರಸ್ತೆಯನ್ನು ಅಗಲ ಮಾಡುತ್ತಿದ್ದವರು ಕಲ್ಯಾಣ ಮಂಟಪದಲ್ಲಿ ಒಂದು ಸಭೆ ಕರೆದರು. ಸಭೆಯಲ್ಲಿ ಎಂಜಿನಿಯರ್ ಪ್ರಸಾದ್ ಬಹಳ ಸ್ಪಷ್ಟವಾಗಿಯೇ ಹೇಳಿದರು: ರಸ್ತೆ ಅಗಲ ಮಾಡುವಾಗ ಗದ್ದೆಬಯಲಿನ ಕೆಲವು ತೊರೆಗಳು ಮಣ್ಣಿನಡಿ ಹೋಗಿವೆ. ಆ ನಷ್ಟಕ್ಕೆ ಬದಲಾಗಿ, ಯಾವುದಾದರೂ ಪಟ್ಟಣದೊಳಗೆ ಹಿಂದೆಂದೋ ಮುಚ್ಚಿಹೋದ ಒಂದು ಹಳ್ಳವನ್ನು ರಸ್ತೆಯವರೇ ಮತ್ತೆ ಹರಿಯುವಂತೆ ಮಾಡಿಕೊಡಬೇಕು. ಹಳ್ಳ ಯಾವುದೆಂದು ಆರಿಸಲು ಮೈಸೂರಿನಿಂದ ತೊರೆಗಳ ತಜ್ಞೆ ನಂದಿತಾ ಬಂದಿದ್ದಾರೆ.

ಇದೆಲ್ಲ ಹೇಳುವಾಗ ಸಿದ್ದಮಲ್ಲಪ್ಪನವರು ಹಿಂದಿನ ಅಡುಗೆಮನೆಯಲ್ಲಿ ಕೇಸರಿಬಾತಿಗೆ ದ್ರಾಕ್ಷಿ ಹಾಕಿದ್ದಾರೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಬಾಯಿ ಒರೆಸಿಕೊಂಡು ಒಳಗೆ ಬಂದಾಗ ಅವರ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ.

“ನಿಮ್ಮ ಬೀದಿಯ ಹಳ್ಳಕ್ಕೆ ಏನು ಮಾಡಬೇಕೋ ಎಲ್ಲವನ್ನೂ ನಾವೇ ಮಾಡಿಕೊಡುತ್ತೇವೆ. ಹೇಳುವವರು ಮೈಕಿಗೆ ಬನ್ನಿ.”

ಹಳ್ಳ! ಅದರ ಮೇಲೆ ಮೈಕ್! ಆಗಲೇ ಮೈಕಿನ ಮುಂದೆ ನಿಂತು ನಕ್ಷೆ ಬಿಚ್ಚುತ್ತಿದ್ದವನು ಅಮೃತೇಶನೇ. ನರಸೀಪುರದ ಒಂದು ಹಳ್ಳದ ಫೋಟೋಗಳನ್ನು ಚೆಂದವಾಗಿ ಜೋಡಿಸಿಕೊಂಡು ಬಂದಿದ್ದ.

“ಬುಡಪ್ಪ ಅತ್ಲಾಗೆ,” ಎಂದು ಸಿದ್ದಮಲ್ಲಪ್ಪನವರು ಬಾಮೈದನ ಕೈಯಿಂದ ಮೈಕ್ ತೆಗೆದುಕೊಂಡರು. ಗಂಟಲು ಸರಿಮಾಡಿಕೊಂಡರು.

“ಹಧಿಕಾರಿಗಳೇ! ನಮ್ಮ ಬೀದಿಯ ಹಳ್ಳವು ಹನಾದಿಕಾಲದ್ದು. ನಮ್ಮ ತಂದೆಯವರೂ ಹದರಲ್ಲಿ ಬಿದ್ದೆದ್ದವರು.”

ಮುಂದಿನ ಸಾಲಿನಲ್ಲಿದ್ದ ನಂದಿತಾ ತಲೆಯೆತ್ತಿದರು. “ಬೇಸಿಗೆಯಲ್ಲಿ ನೀರಿರುತ್ತಾ ಸರ್?”

“ಹೇಪ್ರಿಲ್‌ನಲ್ಲೂ ಹಾರುವುದಿಲ್ಲ ಮೇಡಂ.”

“ಹಾರುವುದಿಲ್ಲವಾ?”

“ಒಣಗಲ್ಲ ಅಂತ ಮೇಡಂ,” ಎಂದು ಹಿಂದಿನಿಂದ ಮರಿಯಯ್ಯ ಅನುವಾದಿಸಿದರು.

“ಮುಚ್ಚಿಬಿಡುವ ಪ್ರಯತ್ನ ನಡೆದಿದೆಯಾ?”

“ಹನೇಕ ಸಲ! ಮಣ್ಣು, ಹಿಟ್ಟಿಗೆ, ಟಾರು. ಹೇನು ಹಾಕಿದರೂ ಮೇಲೆ ಬರುತ್ತೆ. ಸೋಲೋದಿಲ್ಲ ಮೇಡಂ ಹದು.”

ನಂದಿತಾ ಅವರ ಮುಖದಲ್ಲಿ ಒಂದು ಬೆಳಕು ಬಂತು. “ಜನ ಅದರ ಹತ್ತಿರ ಹೋಗುತ್ತಾರಾ?”

“ಹಾಬಾಲವೃದ್ಧರೂ ಮಿಂದಿದ್ದಾರೆ. ನಮ್ಮ ಮರಿಯಯ್ಯನವರು ಸೈಕಲ್ ಸಮೇತ.”

“ಪ್ರಾಣಿ ಪಕ್ಷಿ ಏನಾದರೂ?”

ಎಮ್ಮೆ ಬರುತ್ತದೆ ಎಂದು ಅವರು ಹೇಳಹೊರಟಿದ್ದು. ಮೈಕ್ ಬಿಡಬೇಕಲ್ಲ.

“ಹೆಮ್ಮೆ ಬರುತ್ತೆ ಮೇಡಂ.”

ನಂದಿತಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ, “ಬರಲೇಬೇಕು ಸರ್. ತಮ್ಮೂರಿನ ಹಳ್ಳದ ಬಗ್ಗೆ ಹೆಮ್ಮೆ ಅಂದವರನ್ನು ನಾನು ಇದೇ ಮೊದಲು ನೋಡಿದ್ದು,” ಎಂದರು. ಸಭೆ ಚಪ್ಪಾಳೆ ತಟ್ಟಿತು. ಯಾಕೆಂದು ತಿಳಿಯದಿದ್ದರೂ ಸಿದ್ದಮಲ್ಲಪ್ಪನವರು ಕೈ ಮುಗಿದರು.

ಅಮೃತೇಶ್ ಎದ್ದು ನಿಂತ. “ಮೇಡಂ, ನಮ್ಮ ನರಸೀಪುರದ್ದೂ ಸ್ವಲ್ಪ ನೋಡಿ...”

“ನಿಮ್ಮೂರಲ್ಲಿ ಓಗೋ ಬರೋ ನದಿ ಎಲ್ಲಾ ಸೇರ್ಕತಾವೆ ಕಣಪ್ಪ,” ಎಂದು ಮರಿಯಯ್ಯ ಕೂಗಿದರು. “ಸಂಗಮ ಇಟ್ಕಂಡು ಇನ್ನೊಂದ್ ಅಳ್ಳಕ್ಕೂ ಕಣ್ಣಾಕ್ತೀಯಲ್ಲ! ನಮ್ಗೂ ಒಂದಿರ್ಲಿ ಬುಡು.”

ನಂಜನಗೂಡಿನವರೇ ಹೆಚ್ಚಿಗೆ ಸೇರಿದ್ದ ಸಭೆ. ತೀರ್ಮಾನ ಅಲ್ಲೇ ಆಯಿತು. ಮೊದಲು ಹಳೇ ಸಂತೆ ಬೀದಿಯ ಹಳ್ಳವನ್ನು ನೋಡುವುದು, ಅದು ಸರಿಬರದಿದ್ದರೆ ನರಸೀಪುರ.

ಬೀದಿಯಲ್ಲಿ ಹಬ್ಬವಾಯಿತು. ಹಳ್ಳ ಮುಚ್ಚುತ್ತದೆ! ಸಿದ್ದಮಲ್ಲಪ್ಪನವರು ಪೋರ್ಟಿಕೋಗೆ ಸುಣ್ಣ ಹೊಡೆಸಿದರು, ಹಂಸದ ಕೊಕ್ಕಿಗೆ ಕೇಸರಿ ಬಣ್ಣ ಬಳಿಸಿದರು. ರುದ್ರಾಣಮ್ಮನಿಗೆ, “ಇನ್ಮೇಲೆ ಇಲ್ಲಿ ಉಳ್ಳಿ ಅರವ್ಬ್ಯಾಡ, ಕಾರ್ ಬತ್ತದೆ,” ಎಂದು ಅಪ್ಪಣೆ ಮಾಡಿದರು.

ಕಾರಿಗಿಂತ ಮೊದಲು ಬಂದದ್ದು ಒಂದು ಬೋರ್ಡು. ಇಬ್ಬರು ಆಳುಗಳು ಅದನ್ನು ಹಳ್ಳದ ಪಕ್ಕ ನೆಟ್ಟು ಹೋದರು. ಮರಿಯಯ್ಯ ಕನ್ನಡಕ ಹಾಕಿಕೊಂಡು, ಬಸ್ಸಿನ ಬೋರ್ಡು ಓದುವ ಗತ್ತಿನಲ್ಲಿ ಓದಿದರು.

“ಹಳೇ ಸಂತೆ ಬೀದಿ ಹಳ್ಳ ಪುನರುಜ್ಜೀವನ.”

“ಅಂಗಂದ್ರೆ?” ಎಂದರು ಅವರ ಹೆಂಡತಿ ಮಹದೇವಮ್ಮ.

“ಸತ್ತೋಗಿರೋದ್ನ ಬದುಕ್ಸೋದು.”

“ಅಳ್ಳ ಸತ್ತೋಗಿತ್ತಾ? ನೀವ್ ಬಿದ್ದಾಗ ಚೆನ್ನಾಗೇ ಇತ್ತಲ್ಲ!”

ಸಿದ್ದಮಲ್ಲಪ್ಪನವರು ಬೋರ್ಡನ್ನು ತಾವೇ ಇನ್ನೊಮ್ಮೆ ಓದಿದರು. ಒಳಗೆ ಹೋಗಿ ಹೆಂಡತಿಯನ್ನು ತಗ್ಗಿದ ದನಿಯಲ್ಲಿ ಕೇಳಿದರು. “ಲೇ, ಅಳ್ಳಕ್ಕೂ ಅಳ್ಳಕ್ಕೂ ಏನಾದ್ರೂ ವ್ಯತ್ಯಾಸ ಅದೆಯಾ?”

ರುದ್ರಾಣಮ್ಮ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದರು. “ಇಲ್ದೆ ಏನು? ಒಂದು ಅರೀತದೆ, ಇನ್ನೊಂದು ಕಾಲ್ ಮುರೀತದೆ.”

ಆಗ ಅವರಿಗೆ ಎಲ್ಲ ಹೊಳೆಯಿತು. ಹರಿಯುವ ಹಳ್ಳ ಬೇಕೆಂದವರಿಗೆ ತಾವು ರಸ್ತೆಯ ಹಳ್ಳವನ್ನು, ಅದೂ ಮೈಕಿನಲ್ಲಿ, ಹಕಾರ ಹಚ್ಚಿ ಮಾರಿಬಿಟ್ಟಿದ್ದರು. ನೋಡಲು ಬರುವವರಿಗೆ ನಿಜ ಹೇಳಿದರೆ ಊರೆಲ್ಲ ನಗುತ್ತದೆ, ಪೋರ್ಟಿಕೋ ಹೋಗಿ ಮತ್ತೆ ಬೂಸಾ ಎಂಬ ಹೆಸರೇ ಗತಿ. ಹೇಳದಿದ್ದರೆ ಹಳ್ಳವನ್ನು ಹಳ್ಳವಾಗಿಸಬೇಕು. ಧೀರರು ಎರಡನೆಯದನ್ನೇ ಆರಿಸಿಕೊಂಡರು.

ಮೊದಲು ಎಲ್ಲಿಂದಲೋ ಒಂದು ಕೆಸುವಿನ ಗಿಡ ಕಿತ್ತು ತಂದು ಅಂಚಿಗೆ ನೆಟ್ಟರು. ಮಗಳು ಚಿಕ್ಕವಳಿದ್ದಾಗ ಆಡುತ್ತಿದ್ದ ಪ್ಲಾಸ್ಟಿಕ್ ಬಾತುಕೋಳಿಯನ್ನು ತೇಲಿಬಿಟ್ಟು, ಇದು ಅತಿಯಾಯಿತೆಂದು ಅವರಿಗೇ ಅನಿಸಿ ವಾಪಸು ತೆಗೆದರು. ಕೊನೆಗೆ, ನೀರೆಂದ ಮೇಲೆ ಮೀನು ಬೇಡವೇ ಎನಿಸಿತು. ಬಸ್ ನಿಲ್ದಾಣದ ಬಳಿ ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಬಣ್ಣದ ಮೀನು ಮಾರುವ ಅಂಗಡಿಯಿತ್ತು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಮೀನು. ಹೆಗಲ ವಲ್ಲಿಯಡಿ ಪ್ಲಾಸ್ಟಿಕ್ ಚೀಲ ಮುಚ್ಚಿಕೊಂಡು ಅವರು ಬೀದಿಗೆ ಬರುವಾಗ ಚೀಲ ಸೋರಿ ಪಂಚೆ ನೆನೆಯಿತು. ಮಹದೇವಮ್ಮ ಎದುರಿಗೇ ಬಂದರು.

“ಏನ್ ಯಜಮಾನ್ರೆ, ಅದು?”

“ಏನಿಲ್ಲ ಕಣವ್ವ, ಮೀ... ಮೀಸಲು. ದೇವ್ರಿಗೆ.”

ಚೀಲದೊಳಗಿನ ಮೀಸಲು ಬಾಲ ಬಡಿಯಿತು.

ಅರ್ಧ ಗಂಟೆಯಲ್ಲಿ ಮಹದೇವಮ್ಮ ಒಂದು ಬಟ್ಟಲು ಮುಚ್ಚಿಕೊಂಡು ಹಿತ್ತಲ ಬಾಗಿಲಿಗೆ ಬಂದರು. “ರುದ್ರಾಣಮ್ಮ, ಮಸಾಲೆ ಅರ್ದಿವ್ನಿ. ಮೊದ್ಲನೇ ಸಲ ಅಂದ್ರೆ ಕೈ ನಡುಗ್ತದೆ. ನಾಚ್ಕಬ್ಯಾಡಿ, ನಾನ್ ಯಾರ್ಗೂ ಏಳಲ್ಲ.”

ಅವರು ಯಾರಿಗೂ ಹೇಳಲಿಲ್ಲ. ಆದರೂ ಸಂಜೆಗೆ ನರಸೀಪುರದಿಂದ ಫೋನ್ ಬಂತು. “ಬಾವ, ಶುರು ಅಚ್ಕಂಡ್ರಂತೆ? ಮಠದಲ್ಲಿ ವಿಷ್ಯ ತಿಳಿದ್ರೆ ನಮ್ ಮನೆತನದ ಗತಿ?” ರುದ್ರಾಣಮ್ಮ ಆ ರಾತ್ರಿ ಗಂಡನ ತಟ್ಟೆಯನ್ನು ಬೇರೆ ತೊಳೆದಿಟ್ಟರು. ಸಿದ್ದಮಲ್ಲಪ್ಪನವರು ನಿಜ ಹೇಳುವಂತಿರಲಿಲ್ಲ. ಮೀನನ್ನು ಅವರು ಆಗಲೇ ಹಳ್ಳಕ್ಕೆ ಬಿಟ್ಟಾಗಿತ್ತು. ಕೆಂಪಗೆ, ಬೆರಳುದ್ದ, ಥಳಥಳ ಹೊಳೆಯುತ್ತಿದ್ದವು. ಬೆಳಿಗ್ಗೆ ಎದ್ದು ನೋಡಿದರೆ ಒಂದೂ ಇರಲಿಲ್ಲ.

ಅದೇ ಬೆಳಿಗ್ಗೆ ಅಧಿಕಾರಿಗಳು ಬಂದರು. ಹಿಂದೆಯೇ ಅಮೃತೇಶ್ ಬಂದ, ಕಾರನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿ, ನಗುವನ್ನು ಮೀಸೆಯಡಿ ಅಡಗಿಸಿಕೊಂಡು. ಬೀದಿಗೆ ಬೀದಿಯೇ ಹೊರಗೆ ನಿಂತಿತು.

ಎಂಜಿನಿಯರ್ ಪ್ರಸಾದ್ ಆಚೆ ನೋಡಿದರು, ಈಚೆ ನೋಡಿದರು. “ಎಲ್ಲಿ ಹಳ್ಳ?”

“ಇದೇ ಸಾ,” ಎಂದು ಸಿದ್ದಮಲ್ಲಪ್ಪನವರು ಕೆಸುವಿನ ಗಿಡದ ಕಡೆ ಕೈ ತೋರಿಸಿದರು.

“ಏನ್ರೀ! ಇದು ಗುಂಡಿ!”

“ಗುಂಡಿ ಅಂಗೀಗೆ ಆಕೋದು ಸಾ,” ಎಂದರು ಮರಿಯಯ್ಯ ವಿನಯದಿಂದ. “ರೋಡಿಗೆ ಬೀಳೋದು ಅಳ್ಳ.”

“ನಮಗೆ ಬೇಕಾಗಿದ್ದು ಹರಿಯೋ ಹಳ್ಳ ರೀ!”

ಬೀದಿ ತಣ್ಣಗಾಯಿತು. ಯೋಜನೆಗಳು ಹಳ್ಳ ಹಿಡಿಯುವುದನ್ನು ನಮ್ಮ ಜನ ಬೇಕಾದಷ್ಟು ಕಂಡಿದ್ದಾರೆ. ಹಳ್ಳವೇ ಇಲ್ಲದ್ದರಿಂದ ಹಳ್ಳ ಹಿಡಿದ ಯೋಜನೆಯನ್ನು ಅವರು ನೋಡಿದ್ದು ಅದೇ ಮೊದಲು. ಪ್ರಸಾದ್ ನೆತ್ತಿಯವರೆಗೆ ಕೆಂಪಾದರು. ಅಮೃತೇಶ್ ನಕ್ಷೆಯ ಸುರುಳಿ ಬಿಚ್ಚತೊಡಗಿದ. ನಂದಿತಾ ಮಾತ್ರ ಹಳ್ಳದ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೆಸುವಿನ ಗಿಡವನ್ನು ಎತ್ತಿದರು. ಅದು ಬೇರಿಲ್ಲದೆ ಕೈಗೆ ಬಂತು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. “ತಪ್ಪಾಯ್ತು ಮೇಡಂ,” ಎಂದರು ಸಿದ್ದಮಲ್ಲಪ್ಪನವರು. “ಕೆಸ ನಂದೇ. ಮೀನೂ ಬುಟ್ಟಿದ್ದೆ. ಕೆಂಪು ಮೀನು.”

“ಅಯ್ಯೋ, ನೀರಿಗ್ ಬುಡಕ್ಕೆ ತಂದಿದ್ರಾ!” ಎಂದು ಮಹದೇವಮ್ಮ ಬಾಯಿಗೆ ಸೆರಗು ಹಿಡಿದರು. ರುದ್ರಾಣಮ್ಮ ನಿನ್ನೆಯಿಂದ ಬಿಗಿದಿದ್ದ ಉಸಿರನ್ನು ಬಿಟ್ಟರು.

ನಂದಿತಾ ನೀರನ್ನೇ ನೋಡುತ್ತಿದ್ದರು. “ಮೀನು ಎಲ್ಲಿ?”

“ಇಲ್ಲ ಮೇಡಂ. ಬೆಳಿಗ್ಗೆ ಒಂದೂ ಇರ್ನಿಲ್ಲ.”

“ಬೆಕ್ಕು, ಕೊಕ್ಕರೆ?”

“ನಮ್ ಬೀದೀಲಿ ಬೆಕ್ಕಿಲ್ಲ. ಬೆಳಕರಿಯೋದ್ರೊಳ್ಗೇ ಓದೋ.”

“ಹಾಗಾದರೆ ಎಲ್ಲಿ ಹೋದವು?”

ಅಷ್ಟು ಚಿಕ್ಕ ಪ್ರಶ್ನೆ ಅಷ್ಟು ವರ್ಷದಲ್ಲಿ ಆ ಬೀದಿಗೆ ಹೊಳೆದೇ ಇರಲಿಲ್ಲ. ಅಷ್ಟು ಗಾಡಿ ಮಣ್ಣು ಎಲ್ಲಿಗೆ ಹೋಯಿತು, ಅಷ್ಟು ಇಟ್ಟಿಗೆ ಎಲ್ಲಿಗೆ ಹೋಯಿತು ಎಂದು ಒಬ್ಬರೂ ಕೇಳಿರಲಿಲ್ಲ. ನಂದಿತಾ ತೋಳಿನ ಬಟ್ಟೆ ಮಡಿಸಿ ಕೈಯನ್ನು ನೀರಿಗೆ ಇಳಿಸಿದರು. ಮೊಣಕೈ ಮುಳುಗಿತು, ಭುಜದವರೆಗೆ ಹೋಯಿತು. ಅವರ ಕೆನ್ನೆ ಟಾರಿಗೆ ತಾಗಿತು.

“ತಣ್ಣಗಿದೆ,” ಎಂದರು. “ಎಳೀತಾ ಇದೆ.”

“ಏನು?” ಎಂದರು ಪ್ರಸಾದ್.

“ನೀರು. ನನ್ನ ಕೈಯನ್ನು ಎಳೀತಾ ಇದೆ.”

ಜೀಪಿನಿಂದ ಒಂದು ಉದ್ದನೆಯ ತಂತಿ ಬಂತು. ಅದರ ತುದಿಯಲ್ಲಿ ಹೆಬ್ಬೆರಳಿನಷ್ಟು ಕ್ಯಾಮೆರಾ, ಒಂದು ಹನಿ ದೀಪ. ತಂತಿಯನ್ನು ಹಳ್ಳಕ್ಕೆ ಇಳಿಸಿ, ಇನ್ನೊಂದು ತುದಿಯ ಪರದೆಯನ್ನು ಸಿದ್ದಮಲ್ಲಪ್ಪನವರ ಬೆತ್ತದ ಕುರ್ಚಿಯ ಮೇಲೆ ಇಟ್ಟರು. ಬೀದಿಯ ತಲೆಗಳೆಲ್ಲ ಅದರ ಸುತ್ತ ಸೇರಿದವು. ಮೊದಲು ಬರೀ ಕೆಸರು ಕಂಡಿತು. ಆಮೇಲೆ ಬೀದಿಯವರು ತಾವೇ ಸುರಿದಿದ್ದ ಇಟ್ಟಿಗೆಗಳು, ಒಂದು ಸೈಕಲ್ ಬೆಲ್ಲು.

“ನಂದೇ!” ಎಂದರು ಮರಿಯಯ್ಯ.

ಆಮೇಲೆ ತಂತಿ ಒಂದು ಸಂದಿನಲ್ಲಿ ಜಾರಿತು, ಪರದೆ ಒಮ್ಮೆಗೇ ಅಗಲವಾಯಿತು.

ಕಾಲ ಕೆಳಗೆ ಒಂದು ಓಣಿ ಇತ್ತು. ಎರಡೂ ಬದಿಗೆ ಕಡೆದ ಕಲ್ಲು, ಒಂದರ ಮೇಲೊಂದು ಗಾರೆಯಿಲ್ಲದೆ ಕೂತಿದ್ದವು, ಒಂದೂ ಅಲುಗಿರಲಿಲ್ಲ. ಎಂದೋ ಕಡಿದುಹಾಕಿದ ಯಾವ ಮರದ್ದೋ ಬೇರುಗಳು ಮೇಲಿನಿಂದ ಇಳಿಬಿದ್ದು ನೀರಿನಲ್ಲಿ ಬಾಚಿದ ಹಾಗೆ ನೆಟ್ಟಗೆ ಮಲಗಿದ್ದವು. ನಡುವೆ ನೀರು. ಅದು ನಿಂತ ನೀರಲ್ಲ. ತನ್ನ ಪಾಡಿಗೆ ತಾನು, ಯಾರಿಗೂ ಹೇಳದೆ, ಕಪಿಲೆಯ ಕಡೆಗೆ ನಡೆಯುತ್ತಿತ್ತು. ತಳದ ಮರಳು ಕಾಣುವಷ್ಟು ತಿಳಿ. ಇವರು ಇದರ ಮೇಲೆ ಮದುವೆ ಚಪ್ಪರ ಹಾಕಿದ್ದರು, ಲಾರಿ ಓಡಿಸಿದ್ದರು, ಜಗಳ ಮಾಡಿದ್ದರು. ಅದು ಒಂದು ದಿನವೂ ನಿಂತಿರಲಿಲ್ಲ.

ದೀಪದ ಬೆಳಕಿಗೆ ಏನೋ ಕೆಂಪಗೆ ತಿರುಗಿತು. ಇನ್ನೊಂದು. ಮತ್ತೊಂದು.

“ನಮ್ ಯಜಮಾನ್ರ ಮೀನು!” ಎಂದರು ಮಹದೇವಮ್ಮ. ಕೂಗಬೇಕೆಂದು ಬಾಯಿ ತೆರೆದವರಿಗೆ ಪಿಸುಮಾತಷ್ಟೇ ಬಂತು.

ಯಾರೂ ಹೇಳಿರಲಿಲ್ಲ, ಆದರೂ ಮರಿಯಯ್ಯ ಚಪ್ಪಲಿ ಬಿಟ್ಟರು. ಅವರನ್ನು ನೋಡಿ ಉಳಿದವರೂ ಬಿಟ್ಟರು. ಕಾದ ಟಾರಿನ ಮೇಲೆ ಅಷ್ಟು ಜನ ಬರಿಗಾಲಲ್ಲಿ ನಿಂತು ಒಂದು ಕುರ್ಚಿಯನ್ನು ನೋಡುತ್ತಿದ್ದರು. ಕಾಲು ಸುಡುತ್ತಿದೆ ಎಂದು ಒಬ್ಬರಿಗೂ ನೆನಪಾಗಲಿಲ್ಲ. ಪ್ರಸಾದ್ ಕೂಡ ಬೂಟಿನ ಲೇಸಿಗೆ ಕೈ ಹಾಕಿ, ತಾವು ಎಂಜಿನಿಯರ್ ಎಂಬುದು ನೆನಪಾಗಿ ಬಿಟ್ಟರು.

ಮೀನುಗಳ ಹಿಂದೆ ಕ್ಯಾಮೆರಾ ಮುಂದೆ ಹೋಯಿತು. ಅಷ್ಟರಲ್ಲಿ ನೀರಿಗೆ ಅಡ್ಡ ಒಂದು ದಪ್ಪ ಕಾಲು ಕಾಣಿಸಿತು. ಒರಟು ಸಿಮೆಂಟು, ಮೇಲೆ ಹಲಗೆಯ ಗುರುತು. ಅಚ್ಚುಕಟ್ಟಾದ ಕಲ್ಲುಗಳ ನಡುವೆ, ಪೂಜೆಯ ಹೊತ್ತಿಗೆ ಕಾಲು ಚಾಚಿ ಕ್ಷೌರಕ್ಕೆ ಕೂತವನ ಹಾಗೆ. ನೀರು ಅದನ್ನು ಬಳಸಿ, ಎರಡಾಗಿ, ಮುಂದೆ ಮತ್ತೆ ಒಂದಾಗುತ್ತಿತ್ತು. ಪಕ್ಕದಲ್ಲಿ ಅಂಥದೇ ಇನ್ನೊಂದು.

“ಯಾವನ್ದಪ್ಪ ಇದು, ಇಷ್ಟ್ ಅಸಹ್ಯವಾಗಿ?” ಎಂದರು ಸಿದ್ದಮಲ್ಲಪ್ಪನವರು ಕೋಪದಿಂದ.

ಎಲ್ಲರೂ ಪರದೆಯಿಂದ ತಲೆಯೆತ್ತಿ ಪೋರ್ಟಿಕೋದ ಕಂಬಗಳನ್ನು ನೋಡಿದರು. ಅವರೂ ನೋಡಿದರು.

ಮೊದಲು ಚೇತರಿಸಿಕೊಂಡವರು ಪ್ರಸಾದ್. ಸಿದ್ದಮಲ್ಲಪ್ಪನವರನ್ನು ಒಂದು ಬದಿಗೆ ಕರೆದು ಹೆಗಲ ಮೇಲೆ ಕೈಯಿಟ್ಟರು. “ನೋಡಿ ಯಜಮಾನ್ರೇ, ಇದನ್ನು ತೆರೆದು ಹರಿಸಬೇಕೆಂದರೆ ಪೋರ್ಟಿಕೋ ಉಳಿಯಲ್ಲ. ನಾನು ಬಲವಂತ ಮಾಡಲ್ಲ. ‘ಸಭೆಯಲ್ಲಿ ನಾನು ಹೇಳಿದ್ದು ಗುಂಡಿ’ ಅಂತ ಒಂದು ಮಾತು ಅಂದುಬಿಡಿ, ಸಾಕು. ಸಂಜೆಯೊಳಗೆ ಕಾಂಕ್ರೀಟ್ ಹಾಕಿಸಿ ರಸ್ತೆ ಕನ್ನಡಿ ಥರ ಮಾಡಿಸ್ತೀನಿ. ನಾವು ನರಸೀಪುರಕ್ಕೆ ಹೋಗ್ತೀವಿ. ಅಲ್ಲಿ ಒಡೆಯೋದೇನೂ ಇಲ್ಲ.”

“ಅನ್ಬುಡಿ ಬಾವ,” ಎಂದ ಅಮೃತೇಶ್. ಈಗ ಅವನ ದನಿಯಲ್ಲಿ ಹಂಗಿಸುವ ಧಾಟಿ ಇರಲಿಲ್ಲ. “ಸಂಜೆ ನಾನೇ ಕಾರ್ ತಂದು ಪೋರ್ಟಿಕೋಲಿ ನಿಲ್ಲಿಸ್ತೀನಿ. ಒಂದಿನಾ ಅಲ್ಲ, ಬಂದಾಗ್ಲೆಲ್ಲಾ.”

“ಟಾರ್ ಆಕುಸ್ಕಳಿ, ಯಾಕ್ ಬೇಕು ಈ ತರ್ಲೆ,” ಎಂದಿತು ಬೀದಿಯ ಒಂದು ಬದಿ.

“ಅಂಗೇ ಮುಚ್ಬುಡಾದಾ, ಕಂಡ್ ಮೇಲೂ?” ಎಂದಿತು ಇನ್ನೊಂದು ಬದಿ.

ಸಿದ್ದಮಲ್ಲಪ್ಪನವರು ಕಂಬಗಳ ಬಳ್ಳಿಯ ಗಾರೆಯನ್ನು ನೋಡಿದರು. ಹೊಸ ಕೇಸರಿ ಕೊಕ್ಕಿನ ಹಂಸವನ್ನು ನೋಡಿದರು. ಹೆಂಡತಿ ಏನಾದರೂ ಹೇಳಿಯಾಳೆಂದು ತಿರುಗಿದರು. ರುದ್ರಾಣಮ್ಮ ಅವರ ಕಡೆ ನೋಡುತ್ತಿರಲಿಲ್ಲ. ಕುರ್ಚಿಯ ಮುಂದೆ ನೆಲದ ಮೇಲೆ ಕೂತು, ಗಲ್ಲಕ್ಕೆ ಕೈಯಿಟ್ಟು, ಪರದೆಯಲ್ಲಿ ಹೋಗುತ್ತಿದ್ದ ನೀರನ್ನೇ ನೋಡುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಬಿಟ್ಟರೆ ಅವರ ಮುಖ ಹಾಗಿದ್ದುದನ್ನು ಸಿದ್ದಮಲ್ಲಪ್ಪನವರು ಕಂಡಿರಲಿಲ್ಲ.

“ಮುಚ್ಚುದ್ರೆ ಏನಾಯ್ತದೆ ಮೇಡಂ, ಇದು?”

“ಏನೂ ಆಗಲ್ಲ ಸರ್,” ಎಂದರು ನಂದಿತಾ. “ಇಷ್ಟು ವರ್ಷ ಇದ್ದ ಹಾಗೇ ಕತ್ತಲಲ್ಲಿ ಹೋಗ್ತಾ ಇರುತ್ತೆ. ನಮಗೆ ಮಾತ್ರ ಗೊತ್ತಿರುತ್ತೆ.”

“ಹೇಳಿ,” ಎಂದರು ಪ್ರಸಾದ್. “ಗುಂಡಿಯೋ, ಹಳ್ಳವೋ?”

ಬೀದಿ ಕಾಯುತ್ತಿತ್ತು. ಸಿದ್ದಮಲ್ಲಪ್ಪನವರು ಗಂಟಲು ಸರಿಮಾಡಿಕೊಳ್ಳಲಿಲ್ಲ.

“ಅಳ್ಳ ಸಾ,” ಎಂದರು. “ನಾನೇಳಿದ್ದು ಅಳ್ಳಾನೇ. ಅರಿಯೋ ಅಳ್ಳ.”

ಹರಿಯುವುದಕ್ಕೂ ಅರಿಯುವುದಕ್ಕೂ ಆ ಬೀದಿಯಲ್ಲಿ ಒಂದೇ ಉಚ್ಚಾರ. ಪ್ರಸಾದ್ ಅದನ್ನೇ ಬರೆದುಕೊಂಡರು. ಅಮೃತೇಶ್ ನಕ್ಷೆ ಸುತ್ತಿಕೊಂಡು ಕಾರಿನ ಕಡೆ ನಡೆದ. ಸ್ವಲ್ಪ ದೂರ ಹೋಗಿ, ಚಪ್ಪಲಿ ಮರೆತದ್ದು ನೆನಪಾಗಿ ಹಿಂದಿರುಗಿದ.

ಪೋರ್ಟಿಕೋ ಒಡೆಯುವ ದಿನ ಸಿದ್ದಮಲ್ಲಪ್ಪನವರು ಅಂಗಡಿಯಲ್ಲೇ ಕೂತಿದ್ದರು. ಒಂದೊಂದು ಕಂಬ ಬಿದ್ದಾಗಲೂ ತಕ್ಕಡಿ ಅದುರುತ್ತಿತ್ತು, ಅವರು ಎದುರಿನ ಗಿರಾಕಿಗೆ ಬೂಸಾದ ಬದಲು ಹಿಂಡಿ ತೂಗುತ್ತಿದ್ದರು. ಸದ್ದು ನಿಂತ ಎಷ್ಟೋ ಹೊತ್ತಿನ ಮೇಲೆ ಎದ್ದು ಬಂದರು. ಧೂಳು ಇನ್ನೂ ಇಳಿದಿರಲಿಲ್ಲ. ಕೊನೆಯ ಚಪ್ಪಡಿಯನ್ನು ಯಂತ್ರ ಎತ್ತಿ ಪಕ್ಕಕ್ಕಿಡುತ್ತಿತ್ತು.

ಬಿಸಿಲು ಬಿತ್ತು. ನೀರಿಗೆ ಬಿಸಿಲು ಬಿದ್ದು ಎಷ್ಟು ತಲೆಮಾರಾಗಿತ್ತೋ. ಓಣಿಯ ಆ ಕಡೆಯಿಂದ ಈ ಕಡೆಯವರೆಗೆ ಅದು ಒಟ್ಟಿಗೇ ಬೆಳಗಿತು, ಎದುರು ಗೋಡೆಗಳ ಮೇಲೆ ಅದರ ನೆರಳು ಬೆಳಕು ಕುಣಿಯಿತು. ಬೀದಿಯವರು ಮನೆಗಳಿಂದ ಬಂದು ಎರಡೂ ದಡದಲ್ಲಿ ಸಾಲಾಗಿ ನಿಂತರು. ಕಂಬಗಳು ಇದ್ದ ಜಾಗದಲ್ಲಿ, ಯಾರಿಗೂ ಗೊತ್ತಿಲ್ಲದ ಕೆಲವು ಕಲ್ಲಿನ ಮೆಟ್ಟಿಲುಗಳು ನೀರಿಗೆ ಇಳಿದಿದ್ದವು. ನಡುವಿನಲ್ಲಿ ಸವೆದು ಬಟ್ಟಲಾಗಿದ್ದವು. ಎಷ್ಟೋ ಜನ ಅಲ್ಲಿ ಕೂತು ಎದ್ದು ಹೋಗಿದ್ದರು.

ಸಿದ್ದಮಲ್ಲಪ್ಪನವರು ಪಂಚೆ ಮೇಲೆ ಕಟ್ಟಿ, ಇಳಿದು, ಒಂದು ಬಟ್ಟಲಿನಲ್ಲಿ ಕೂತರು. ಕಾಲನ್ನು ನೀರಿಗೆ ಬಿಟ್ಟರು. ಅಂಗಡಿಯ ಮುಂದಿನಿಂದ ಯಾರೋ, “ಯಜಮಾನ್ರೇ, ಇಂಡಿ!” ಎಂದು ಕೂಗಿದರು. ಅವರು ತಿರುಗಲಿಲ್ಲ.

ಮಧ್ಯಾಹ್ನ ರುದ್ರಾಣಮ್ಮ ದಡಕ್ಕೆ ಬಂದು ನಿಂತರು. “ಊಟಕ್ ಏಳಲ್ವಾ?”

“ನೀನೂ ಬಾ ಇಲ್ಲಿ.”

“ಬೀದೀಲಾ? ನಿಮ್ ಪಕ್ಕದಲ್ಲಾ? ಜನ ಏನಂದಾರು?”

ಸಿದ್ದಮಲ್ಲಪ್ಪನವರು ಸುತ್ತ ನೋಡಿದರು. ಜನ ನೀರನ್ನು ನೋಡುತ್ತಿದ್ದರು.

ರುದ್ರಾಣಮ್ಮ ನೆರಿಗೆ ಎತ್ತಿ ಹಿಡಿದು ಒಂದು ಮೆಟ್ಟಿಲು ಮೇಲೆ ಕೂತರು. ಆಮೇಲೆ ಗಂಡನ ಮೆಟ್ಟಿಲಿಗೇ ಇಳಿದರು. ಕಾಲಿಟ್ಟೊಡನೆ “ಅವ್ವಯ್ಯ” ಎಂದು ಹಿಂದೆಗೆದು, ಮತ್ತೆ ಇಟ್ಟರು. ಕಾಲುಂಗುರದ ಮೇಲೆ ನೀರು ಏರಿ ಇಳಿದು ಹೋಗುತ್ತಿತ್ತು. ಬಹಳ ಹೊತ್ತು ಇಬ್ಬರೂ ಅದನ್ನೇ ನೋಡಿದರು.

“ನಮ್ ಬಾಗ್ಲಲ್ಲೇ ಇತ್ತಲ್ರೀ,” ಎಂದರು ರುದ್ರಾಣಮ್ಮ. “ಇಷ್ಟ್ ವರ್ಷ. ಒಂದಿನಾನಾದ್ರೂ ಸದ್ ಮಾಡ್ಬಾರ್ದಿತ್ತಾ?”

“ಮಾಡ್ತಿತ್ತೇನೋ,” ಎಂದರು ಸಿದ್ದಮಲ್ಲಪ್ಪನವರು. “ನಾನ್ ಮಾತಾಡ್ತಿದ್ದೆ.”